ಹಿಂದಿನ ಷಟರು

ಬಳ್ಳಾರಿ ಗೋದಾಮಿನಾಗ ರಾತ್ರಿ ಎಂಟಕ್ಕ ಸೀಲ್ ಹಾಕ್ತಾರ,
ನೀಲಿ ಪ್ಲಾಸ್ಟಿಕ್ಕಿನ ಒಂದು ಬಾಲ, ಅದಕ್ಕ ಏಳಂಕಿ ನಂಬರು.
ಒಳಗೇನೈತಿ ಅಂತ ನಾ ಕೇಳಂಗಿಲ್ಲ,
ಚೀಟಿ ಓದಿದ್ರ ಗೊತ್ತಾಕ್ಕೈತಿ:
ಶಾಂಪೂ, ಬಿಸ್ಕೀಟು, ಬಕೀಟು, ಹುಡುಗೂರ ಚಡ್ಡಿ,
ಸ್ಟೀಲಿನ ಡಬ್ಬಿ, ಐದರ ಸೆಟ್ಟು, ಇಪ್ಪತ್ನಾಕು.

ಒಂದು ಕಾಲಕ್ಕ ಅದಿರು ಹೊಡದಾಂವ ನಾನು.
ಮೂಗು ಸೀನಿದ್ರ ಅರಿವಿ ಕೆಂಪಾಗ್ತಿತ್ತು.
ಈಗ ಮೈಗೆಲ್ಲ ಸಾಬಾನಿನ ವಾಸನಿ,
ಮೊದಮೊದಲು ಖಾಜಾಬಿ ಅನುಮಾನಪಟ್ಟಿದ್ಲು.

ಸಿರುಗುಪ್ಪ ದಾಟಿದ ಮ್ಯಾಲೆ
ಅರ್ಧ ಡಾಂಬರು ನೆಲ್ಲಿಂದು.
ತಾಡಪತ್ರಿ ಹೊದ್ದು, ಸುತ್ತ ಕಲ್ಲಿಟಗೊಂಡು
ರಾಶಿ ಮಲಗಿರ್ತೈತಿ,
ಅದರ ಬಾಜೂಕ ಒಬ್ಬ ಮನಷ್ಯಾ, ಅಂವನೂ ಹಂಗ.
ಯಾವುದು ರಾಶಿ, ಯಾವುದು ಮನಷ್ಯಾ
ಹತ್ರ ಹೋಗೂತನಕ ತಿಳಿಯಂಗಿಲ್ಲ.
ಲೈಟು ಡಿಮ್ ಮಾಡ್ತೀನಿ. ಹಾರ್ನ್ ಹೊಡಿಯಂಗಿಲ್ಲ.

ಧಡೇಸೂಗೂರು ಸೇತುವಿ ಮ್ಯಾಲೆ ಹೊಳಿ ಗಾಳಿ.
ಚಂದ ಐತಿ ಅಂತ ನಿಂತರ ಫೋನು ಬರ್ತೈತಿ:
‘ಗಾಡಿ ಯಾಕ ನಿಂತೈತಿ, ಮೋನುದ್ದೀನ್?’
ಎಲ್ಲೋ ಒಂದು ಆಫೀಸಿನ ಪರದಿ ಮ್ಯಾಲೆ
ನಾನು ಹಸಿರು ಚುಕ್ಕಿ.
ಉಚ್ಚಿ ಹೊಯ್ಯಾಕ ಇಳದ್ರ ಕೆಂಪಾಗ್ತೀನಿ.

ಸಿಂಧನೂರಿನ ಮಾರ್ಟಿಗೆ ಮುಂದ ಗಾಜು, ಹಿಂದ ಗಟಾರ.
ನನಗ ಅದು ಹಿಂದಿಂದ ಗೊತ್ತು.
ಇಪ್ಪತ್ತಡಿ ಗಾಡಿ ಆ ಸಂದ್ಯಾಗ ರಿವರ್ಸ್ ಹೊಗಸೂದಂದ್ರ
ಎಡಕ್ಕ ಕರೆಂಟಿನ ಕಂಬ, ಬಲಕ್ಕ ಯಾರದೋ ತುಳಸಿಕಟ್ಟಿ,
ನಡುವ ಒಂದು ನಾಯಿ.
ಅದು ಏಳಂಗಿಲ್ಲ,
ಅದಕ್ಕ ನನ್ನ ಕೈ ಮ್ಯಾಲೆ ಅಷ್ಟು ನಂಬಿಕಿ.

ಮುಂಜಾನಿ ಆರಕ್ಕ ಷಟರು ಮ್ಯಾಲೇರ್ತೈತಿ.
ಹುಲಿಗೆಮ್ಮ ಬರ್ತಾಳ ಸ್ಕ್ಯಾನರ್ ಹಿಡಕೊಂಡು,
ಜಡಿಯಾಗ ಇನ್ನೂ ನೀರು,
ಸೀಲಿನ ನಂಬರು ಓದ್ತಾಳ ಮಗ್ಗಿ ಓದಿದಂಗ.
ಆವತ್ತು ಒಂದು ಬಾಕ್ಸಿನ ಮೂಲಿ ನೆಗ್ಗಿತ್ತು.
ತಗ್ಗು ಯಾವುದಂತ ನನಗ ಗೊತ್ತಿತ್ತು,
ತೆಕ್ಕಲಕೋಟಿ ಆಚೆ, ಹಂದಿ ಅಡ್ಡ ಬಂದಾಗ.
‘ಅಣ್ಣಾ, ಡ್ಯಾಮೇಜು ಬರೀಲೇಬೇಕು’ ಅಂದ್ಳು.
ಬರದ್ಳು. ಮುಖ ನೋಡಲಿಲ್ಲ.
ತಿಂಗಳ ಕೊನಿಗೆ ಬತ್ತೆದಾಗ ಆರುನೂರ ನಲವತ್ತು ಹೋತು.
ಹಂದಿ ಉಳೀತು,
ಅದನ್ನ ಬರಿಯಾಕ ಆ ಹಾಳ್ಯಾಗ ಕಾಲಮ್ಮಿಲ್ಲ.

ಗಾಡಿ ಸರ್ವೀಸಿಗೆ ಬಿಟ್ಟ ದಿನ
ಖಾಜಾಬಿನ್ನ ಕರಕೊಂಡು ಮುಂದಿನ ಬಾಗಿಲಾಗ ಹೋದೆ.
ಬಾಗಿಲು ತಾನ ತಗೀತು.
ಆಕಿ ಚೀಲ ಕಸಗೊಂಡು ಒಂದು ಟೋಕನ್ ಕೊಟ್ಟರು,
ಆಕಿ ಅದನ್ನ ಕಿವಿಯೋಲಿ ಕಾದಂಗ ಮುಠಿಯಾಗ ಕಾದ್ಳು.
ಒಳಗ ಥಂಡಿ, ಬೆಳಕು.
ಕತ್ತಲ್ಯಾಗ ನಾ ಹೊತ್ತ ಸಾಮಾನು
ಮದುವಿ ಮನಿ ಹೆಣ್ಮಕ್ಕಳಂಗ ಸಾಲಾಗಿ ನಿಂತಿದ್ದುವು,
ಒಂದಕ್ಕೂ ನನ್ನ ಗುರುತು ಹತ್ತಲಿಲ್ಲ.

ಮೂಲ್ಯಾಗ ಒಂದು ತೊಟ್ಟಿ, ‘ಅರ್ಧ ಬೆಲಿ’.
ತಳದಾಗ ಐದು ಡಬ್ಬಿ.
ದೊಡ್ಡದರ ನೆಗ್ಗಿನಾಗ ಹೆಬ್ಬಟ್ಟು ಇಟ್ಟು ನೋಡಿದೆ,
ಕುಂತಿತು.
‘ಸೊಟ್ಟ ಐತಲ್ರೀ, ಬ್ಯಾರೇದು ತಗೋರಿ’ ಅಂದ್ಳು ಖಾಜಾಬಿ.
ನಾ ಬಿಡಲಿಲ್ಲ.

ಬಿಲ್ಲಿನ ಕಟ್ಟಿಗೆ ಆವತ್ತು ಹುಲಿಗೆಮ್ಮ.
ಡಬ್ಬಿ ನೋಡಿದ್ಳು, ನನ್ನ ನೋಡಿದ್ಳು,
ತುಟಿ ಮಟ ಏನೋ ಬಂತು.
ಹಿಂದ ಮ್ಯಾನೇಜರ್ ನಿಂತಿದ್ದ.
‘ಮುನ್ನೂರಿಪ್ಪತ್ತು. ಕ್ಯಾರಿಬ್ಯಾಗ್ ಬೇಕಾ ಸರ್?’

ಬ್ಯಾಡವಾ ಅಂದೆ.

ಈಗ ಅದರಾಗ ಜೋಳದ ಹಿಟ್ಟು.
ಮುಚ್ಚಳ ಪೂರಾ ಕೂಡಂಗಿಲ್ಲ,
ದಿನಾ ಬೆಳಕು ಹರಿಯೂ ಮುಂದ
ಖಾಜಾಬಿ ಅಂಗೈಲೆ ಒಂದು ಗುದ್ದು ಹಾಕ್ತಾಳ.
ಹಾಸಿಗ್ಯಾಗ, ನಿದ್ದಿಗಣ್ಣಾಗ,
ನನ್ನ ಬಲಗಾಲು ಬ್ರೇಕ್ ಹುಡುಕ್ತೈತಿ.