ಹದಿನಾಲ್ಕು ವರ್ಷದ ಮೇಲೆ ಬಂದ ಪ್ರಶ್ನೆಗಳು

ಆಸ್ಪತ್ರೆಯ ಲಕೋಟೆ ಬಂದದ್ದು ಅಣ್ಣನ ಹೆಸರಿಗೆ.
ಸಿಗ್ವೆ ಹೌಕ್‌ನೆಸ್, ವಯಸ್ಸು ಇಪ್ಪತ್ತೈದು,
ಕ್ರಿಸ್ತಿಯಾನ್‌ಸುಂಡ್ ಬಂದರಿನ ಫೆರಿಯಲ್ಲಿ
ಹಗ್ಗ ಎಸೆದು ಕಟ್ಟುವ ಕೆಲಸ.
ಅಂಗೈ ತುಂಬ ಡೀಸೆಲ್ಲು, ಗ್ರೀಸು.
ಆ ಕೊಳೆ ನೋಡಿ ಖುಷಿಗೆ ಕಣ್ಣೊರೆಸಿಕೊಳ್ಳುವ ತಾಯಿ
ಊರಲ್ಲಿ ನಮ್ಮಮ್ಮ ಒಬ್ಬಳೇ ಇರಬೇಕು.

ಹನ್ನೊಂದರಲ್ಲಿ ಅದೇ ಕೈ
ಬೇಯಿಸಿದ ಸಿಗಡಿಯ ಬಣ್ಣ.
ತಿಂಗಳಿಗೆ ಸೋಪು ಇಪ್ಪತ್ತು.
ರೇಗಿದ ಅಪ್ಪ ಮನೆಯ ನೀರನ್ನೇ ಬಂದ್ ಮಾಡಿದ ರಾತ್ರಿ
ಅವನು ಹೊರಗೆ ಹೋಗಿ
ಹಿಮದಲ್ಲಿ ಉಜ್ಜಿಕೊಂಡ.

ನನಗಾಗ ಆರು.
ನನ್ನ ಪಾಲಿಗೂ ಬಂದಿತ್ತು ಒಂದು ಸಣ್ಣ ನೌಕರಿ:
ದೀಪ ಆರುವ ಮುಂಚೆ ಗೋಡೆಯಾಚೆಯಿಂದ ಕೇಳುತ್ತಿದ್ದ,
"ಏನೂ ಆಗಲ್ಲ, ಅಲ್ವಾ?"
"ಏನೂ ಆಗಲ್ಲ."
"ಅಮ್ಮ ಸಾಯಲ್ಲ?"
"ಸಾಯಲ್ಲ."
ಹೀಗೆ ಏಳು ಸಲ, ಒಂದೇ ದನಿಯಲ್ಲಿ.
ನಡುವೆ ಆಕಳಿಸಿದರೆ, ಕೆಮ್ಮಿದರೆ,
ಮತ್ತೆ ಒಂದರಿಂದ.
ನಾನು ಎಣಿಸಲು ಕಲಿತದ್ದು ಶಾಲೆಯಲ್ಲಲ್ಲ.

ಆಮೇಲೆ ಓಸ್‌ಹಿಲ್ಡ್ ಸಿಕ್ಕಳು,
ಒಂದೇ ಕಿವಿಗೆ ಓಲೆ ಹಾಕುವ ಡಾಕ್ಟರು.
ಮಾತ್ರೆ ಬರೆಯುವ ಮೊದಲು ಏಣಿ ಬರೆದಳು.
ಕೆಳಗಿನ ಮೆಟ್ಟಿಲು: ಬಾಗಿಲ ಹಿಡಿಕೆ ಮುಟ್ಟು,
ತೊಳೆಯದೆ ಐದು ನಿಮಿಷ ಸುಮ್ಮನೆ ಕೂರು.
ತುತ್ತತುದಿಯದು: ಮೀನು ಮಾರುಕಟ್ಟೆಯ ಒದ್ದೆ ನೆಲಕ್ಕೆ
ಅಂಗೈ ಊರು, ಅದೇ ಕೈಯಲ್ಲಿ ಬ್ರೆಡ್ಡು ತಿನ್ನು.
ತಾನೇ ಮೊದಲು ಊರಿದಳು.
ತಾನೇ ಮೊದಲು ತಿಂದಳು.

ನನಗೂ ಒಂದು ಮೆಟ್ಟಿಲು ಬರೆದಳು.
ಇನ್ನು ಅಣ್ಣ ಕೇಳಿದರೆ
"ಗೊತ್ತಿಲ್ಲ" ಅನ್ನಬೇಕು. ಅಷ್ಟೇ.

ಗೊತ್ತಿಲ್ಲ.
ಆರು ವರ್ಷದ ಬಾಯಿಗೆ ಎಂಥ ಕಲ್ಲಿನ ಮಾತು.
ಗೋಡೆಯಾಚೆ ಅವನು ಬೈದ, ಕಿರುಚಿದ,
ಹೆಸರು ಹಿಡಿದು ಬೇಡಿಕೊಂಡ:
ತೂರಾ, ಒಂದೇ ಸಲ, ಒಂದೇ ಒಂದು ಸಲ.
ದಿಂಬು ಕಚ್ಚಿಕೊಂಡು
ಕೊಲೆ ಮಾಡಿ ಬಂದವಳಂತೆ ಮಲಗಿದ್ದೆ.

ಬೆಳಗ್ಗೆ ಅಮ್ಮ ಬದುಕಿದ್ದಳು.
ಗಂಜಿಗೆ ಉಪ್ಪು ಹೆಚ್ಚಾಗಿತ್ತು.

ಈಗ ಪ್ರಶ್ನೆಗಳೇ ನಾಲ್ಕು ಪುಟ.
ಕಳೆದ ವಾರ ಗೀಳಿಗೆ ಹೋದ ಹೊತ್ತು?
ದಿನಕ್ಕೆ ಹತ್ತು ನಿಮಿಷ, ಎಂದು ಬರೆದು ಕೆಳಗೆ ಸೇರಿಸಿದ:
ಬಿಸಿಲೇ ಇಲ್ಲದ ನವೆಂಬರಿನಲ್ಲಿ ಕೇಳಿದ್ದರೆ
ಬೇರೆ ಬರೆಯುತ್ತಿದ್ದೆ.
ನಡುವೆ ಮರಳಿತ್ತೇ?
ಹತ್ತೊಂಬತ್ತಕ್ಕೆ, ಸೈನ್ಯದ ತರಬೇತಿಯಲ್ಲಿ,
ವೇಷ ಬದಲಿಸಿಕೊಂಡು. ಈ ಸಲ ಕೈಯಲ್ಲ, ಬೀಗ.
ಮತ್ತೆ ಏಣಿ. ತಾನೇ ಬರೆದುಕೊಂಡದ್ದು.
ಗುಣವಾಗಿದೆ ಅನಿಸುತ್ತದೆಯೇ? ಹೌದು. ಇಲ್ಲ.
ಎರಡು ಚೌಕಗಳ ನಡುವಿನ ಬಿಳಿಯಲ್ಲಿ
ಒಂದು ಗೆರೆ ಎಳೆದ, ಲಂಗರು ಹಾಕಿದ ದೋಣಿಯ ಹಾಗೆ.
ಅವರು ಅದನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೋ.

ತಂಗಿಯರಿಗೆ ಲಕೋಟೆ ಬರುವುದಿಲ್ಲ.
ಬಂದಿದ್ದರೆ ಇದನ್ನು ಬರೆಯುತ್ತಿದ್ದೆ:
ಹೋದ ಚಳಿಗಾಲ ಒಬ್ಬ ಹುಡುಗ
"ನನ್ನ ಬಿಟ್ಟು ಹೋಗಲ್ಲ ತಾನೆ?" ಅಂದ.
"ಗೊತ್ತಿಲ್ಲ" ಅಂದುಬಿಟ್ಟೆ.
ನನಗೆ ಗೊತ್ತಿದ್ದ ಪ್ರೀತಿಯ ಮಾತು ಅದೊಂದೇ.
ಅವನಿಗೆ ಹಾಗೆ ಕೇಳಿಸಲಿಲ್ಲ.

ಅಂಚೆಗೆ ಹಾಕಲು ಇಬ್ಬರೂ ಇಳಿದೆವು.
ಉಪ್ಪುಗಾಳಿ. ಕೆಂಪು ಡಬ್ಬಿಯ ಬಾಯಿಗೆ ಹಾಕಿದ,
ಹತ್ತು ಹೆಜ್ಜೆ ನಡೆದ,
ನಿಂತ.
ವಾಪಸು ಹೋಗಿ ಸೀಳಿನಲ್ಲಿ ಕಣ್ಣಿಟ್ಟು ನೋಡಿದ.
ಬಂದ.
"ಎಲ್ರೂ ನೋಡ್ತಾರೆ" ಅಂದ.
ನಿಜ, ಎಲ್ಲರೂ ನೋಡುತ್ತಾರೆ.
ಫೆರಿಗೆ ಹೊತ್ತಾಗಿತ್ತು, ಓಡಿದ.

ನಾನು ಮಾತ್ರ ಅಲ್ಲೇ ನಿಂತು
ತುಟಿ ಅಲುಗದಂತೆ,
ಒಂದು,
ಅಂದೆ.