ಏಳನೇ ಕಲಂ

ನನಗೆ ದಿನಕ್ಕೆ ಸಾವಿರದಿನ್ನೂರು, ಊಟ ಅವರದೇ.
ಕೆಲಸವೆಂದರೆ ಈ ದಡದ ಮಾತನ್ನು ಆ ದಡಕ್ಕೆ,
ಆ ದಡದ್ದನ್ನು ಈ ದಡಕ್ಕೆ,
ಹೊಳೆಬಾಗಿಲಿನ ಹಳೇ ಲಾಂಚಿನ ಹಾಗೆ,
ನಡುವೆ ಏನೂ ಒದ್ದೆಯಾಗದಂತೆ ದಾಟಿಸುವುದು.

ಸೊರಬದಿಂದಾಚೆ ಕಾನಕೊಪ್ಪ.
ಶಾಲೆಯ ಹಿಂದೆ ಹೊಸ ಶೌಚಾಲಯ:
ದುಡ್ಡು ಇಲ್ಲಿ ಯಾರೂ ಕಾಣದ ದೇಶದ್ದು,
ಸಿಮೆಂಟು ಶಿಕಾರಿಪುರದ್ದು, ಬೀಗ ಹೆಡ್‌ಮಾಸ್ಟರರದ್ದು.
ಗೋಡೆ ಮಾತ್ರ ಇನ್ನೂ ಯಾರದ್ದೂ ಅಲ್ಲ.

ಅದರ ಮೇಲೆ ಹಸೆ ಚಿತ್ತಾರ ಬರಬೇಕು.
ಚಿತ್ತಾರದ ನಡುವೆ, ಮದುಮಕ್ಕಳ ಜಾಗದಲ್ಲಿ,
ಕೈ ತೊಳೆಯುವ ಮಗುವೊಂದು ಬರಬೇಕು.
ಬಂದದ್ದು ಹತ್ತು ವರ್ಷ ಇರಬೇಕು.
ಯೋಜನೆಯ ಹೆಸರು
'ಸಂಸ್ಕೃತಿಯ ಮೂಲಕ ನೈರ್ಮಲ್ಯ'.

ತಪಾಸಣೆಗೆ ಬಂದವಳು ವಂಜಿರು, ಕೀನ್ಯಾದವಳು.
ದುಡ್ಡಿನ ದೇಶ ಅವಳದ್ದೂ ಅಲ್ಲ,
ಊರಿಗೆ ಅದು ತಿಳಿಯಲು ಒಂದು ಗಂಟೆ ಹಿಡಿಯಿತು.
ಬಿಳಿ ಜನ ಬರುತ್ತಾರೆಂದು ಖಾರ ಹಾಕದೆ ಇಟ್ಟ ಸಾರು
ಪಾತ್ರೆಯಲ್ಲೇ ಪೆಚ್ಚಾಗಿ ಕೂತಿತ್ತು.

ಕೆರಿಯಮ್ಮ ತಲೆಯೆತ್ತಲಿಲ್ಲ.
ಭೂಮಿ ಹುಣ್ಣಿಮೆಗೆ ನಾಲ್ಕೇ ದಿನ.
ಬಸುರಿ ಭೂಮಿಗೆ ಬಯಕೆಯೂಟ ಹೊರುವ ಬುಟ್ಟಿ,
ಕೆಮ್ಮಣ್ಣು ಒಣಗಿದೆ, ಬಿಳಿ ಎಳೆ ಎಳೆಯಬೇಕು,
ಯಾವ ದೇಶದವರು ಬಂದರೂ ಹುಣ್ಣಿಮೆ ಮುಂದೆ ಹೋಗುವುದಿಲ್ಲ.

ಒಂದನೇ ಕಲಂ: ಫಲಾನುಭವಿಗಳು ಎಷ್ಟು?
"ಎಂತ ಫಲ?" ಅಂದಳು.
ಹನ್ನೊಂದು ಎಂದು ಬರೆದೆ.
ನಾಲ್ಕನೇ ಕಲಂ: ತರಬೇತಿ ಪಡೆದ ದಿನಾಂಕ?
"ಅವ್ವ ಬರೀವಾಗ ಪುಂಡಿನಾರು ಬಡಿದು ಕೊಡ್ತಿದ್ದೆ.
ಆಗ ಮುಂದಿನ ಹಲ್ಲು ಎರಡೂ ಬಿದ್ದಿದ್ವು."
ಹಲ್ಲು ಬಿದ್ದ ದಿನಕ್ಕೆ ಫಾರಮಿನಲ್ಲಿ ಚೌಕವಿಲ್ಲ.

ಏಳನೇ ಕಲಂ: ಸುಸ್ಥಿರತೆ.
ಈ ಪದವನ್ನು ಕನ್ನಡಕ್ಕೆ ತಂದ ಪುಣ್ಯಾತ್ಮರು
ಬಾಯಿಯ ತನಕ ತರಲಿಲ್ಲ.
ನಾನು ಹೀಗೆ ದಾಟಿಸಿದೆ:
ಎಂದೂ ಅಳಿಯದ ಹಾಗೆ ಎಣ್ಣೆ ಬಣ್ಣದಲ್ಲಿ
ಬರೆದುಕೊಡ್ತೀಯಾ ಅಂತ ಕೇಳ್ತಾರೆ ಕೆರಿಯಮ್ಮ,
ಡಬ್ಬಿ ಮೇಲೆ ಗ್ಯಾರಂಟಿ ಉಂಟಂತೆ.

ಅವಳು ಆಗ ಬುಟ್ಟಿ ಕೆಳಗಿಟ್ಟಳು.
"ಅಳೀದೇ ಇದ್ರೆ
ಬರೂ ವರ್ಷ ನನ್ನ ಮೊಮ್ಮಗಳು ಎಲ್ಲಿ ಬರೀಬೇಕು?"

ಲಾಂಚು ನಡುನೀರಲ್ಲಿ ನಿಂತಿತು.
ಇಂಗ್ಲಿಷಿನಲ್ಲಿ ಹೇಳಿ ನೋಡಿದೆ, ದೂರಿನ ಹಾಗೆ ಕೇಳಿಸಿತು.
ಇನ್ನೊಮ್ಮೆ ಹೇಳಿದೆ,
ಸುಭಾಷಿತದ ಹಾಗೆ ಕೇಳಿಸಿತು. ಅದು ಇನ್ನೂ ಕೆಟ್ಟದ್ದು.

ವಂಜಿರು ಮಾತಾಡದೆ ಬುಟ್ಟಿಯನ್ನು ಮಗುಚಿ
ತಳದ ಹೆಣಿಗೆ ನೋಡಿದಳು, ಬೆರಳಲ್ಲಿ ಎಣಿಸಿದಳು.
ನಮ್ಮಜ್ಜಿಯರು ಬಣ್ಣ ಬಳಿಯುವುದಿಲ್ಲ, ಅಂದಳು,
ನೂಲಿನಲ್ಲೇ ಹೆಣೆಯುತ್ತಾರೆ.
ನಾನು ಕಲಿಯಲಿಲ್ಲ. ನನಗೆ ವಿದ್ಯಾರ್ಥಿವೇತನ ಬಂತು.

ಇದನ್ನು ದಾಟಿಸುವುದು ಸುಲಭವಿತ್ತು.
ಕೆರಿಯಮ್ಮ ಅವಳ ಕೈ ನೋಡಿದಳು,
ಅಕ್ಕಿಹಿಟ್ಟಿನ ಬಟ್ಟಲು ಕೊಟ್ಟಳು:
"ಹಿಡ್ಕಾ. ಇಟ್ರೆ ಕೋಳಿ ಚೆಲ್ತದೆ."
ಅದಕ್ಕೆ ನಾನು ಬೇಕಾಗಲಿಲ್ಲ.

ಹೀಗೆ ಎರಡೂ ಕೈಯಲ್ಲಿ ಬಟ್ಟಲು, ಪೆನ್ನು ಜಡೆಯಲ್ಲಿ,
ಮೂರು ಖಂಡಗಳ ಹಣ ಅಳೆದು ಬಂದವಳು
ಮಧ್ಯಾಹ್ನದ ತನಕ ಕೂತಳು.
ನಾರು ಬಟ್ಟಲಿಗೆ ಬಂತು, ಬುಟ್ಟಿಗೆ ಹೋಯಿತು.
ಒಂದು ಎಳೆ ಸೊಟ್ಟಗಾಯಿತು.
ಸೊಟ್ಟಗಾದದ್ದನ್ನು ಇನ್ನೊಂದು ಎಳೆ ಸಮಾಧಾನ ಮಾಡಿತು.
ಶಾಲೆಯ ಗಂಟೆ ಬಾರಿಸಿತು.
ಮಕ್ಕಳು ಬೀಗದ ಕಡೆ ನೋಡಿ ಬೇಲಿಯಾಚೆ ಓಡಿದರು.

ಗೋಡೆಗೆ ಕೊನೆಗೆ ಶಿವಮೊಗ್ಗದ ಮುನೀರ್ ಬಂದ.
ಫ್ಲೆಕ್ಸು ಬಂದ ಮೇಲೆ ಬೋರ್ಡು ಬರೆಯುವವರಿಗೆ
ಕೆಲಸ ಸಿಗುವುದೇ ಇಂಥಲ್ಲಿ.
ಮಗುವಿಗೆ ಒಳ್ಳೇ ಮುಖ ಕೊಟ್ಟ,
ನೀರಿಗೆ ಹೊಳಪು ಕೊಟ್ಟ.
ಸುತ್ತಲಿನ ಚಿತ್ತಾರದ ಜಾಗ ಮುಟ್ಟಲಿಲ್ಲ.
ಅದು ನನಗೆ ಬರೂದಿಲ್ಲ, ಅಂದ.

ಮೊನ್ನೆ ಕಚೇರಿಯಿಂದ ಫೋನು:
ಏಳನೇ ಕಲಂ ಖಾಲಿ ಇದೆಯಲ್ಲ?
ಖಾಲಿ ಇಲ್ಲ ಸಾರ್.
ಅಲ್ಲಿ ಅಕ್ಕಿಹಿಟ್ಟಿನ ಎರಡು ಬೆರಳ ಗುರುತಿವೆ,
ಬಿಳಿಯ ಮೇಲೆ ಬಿಳಿ. ಒಣಗಿ ಸ್ವಲ್ಪ ಉಬ್ಬಿದೆ.
ಕಾಗದ ಮುಟ್ಟಿ ನೋಡಿ.

ಅವರ ಹತ್ತಿರ ಇರುವುದು ಸ್ಕ್ಯಾನು.