ಗೋಡೆಯೊಳಗಿನ ಗಂಟು

ಮಾರ್ನಿ ಹಲೋನೆನ್ ಫೋನಿನಲ್ಲಿ ಹೇಳಿದ್ದು ಇಷ್ಟೇ:
"ಅಡುಗೆಮನೆಯ ದೀಪ ಕಣ್ಣು ಹೊಡೆಯುತ್ತಿದೆ.
ಗಂಡ ಬಿಟ್ಟುಹೋದ ಮೇಲೆ ನನಗೆ ಕಣ್ಣು ಹೊಡೆಯುವುದು ಇದೊಂದೇ."

ಡುಲೂತಿನ ಏರುರಸ್ತೆ, ನವೆಂಬರಿನ ಮೊದಲ ಹಿಮ,
ಕೆಳಗೆ ಸರೋವರ ಸೀಸದ ಹಾಗೆ.
ಏಣಿ ಹೊತ್ತು ಒಳಹೊಕ್ಕೆ.

ಗೋಡೆಗೆಲ್ಲ ಪೈನ್ ಹಲಗೆಯ ಹೊಸ ಅಂಗಿ.
ಸ್ವಿಚ್ಚಿನ ಮುಚ್ಚಳ ಬಿಚ್ಚಿದರೆ ಪೆಟ್ಟಿಗೆ ಎಲ್ಲೋ ಒಳಗೆ,
ಹೆಬ್ಬೆಟ್ಟಿನ ಉಗುರಿನಷ್ಟು ಹಿಂದೆ,
ಸುತ್ತ ಬೆತ್ತಲೆ ಮರ.
ಗಾರೆಗಾದರೆ ನಿಯಮ ಕಾಲಿಂಚು ಕ್ಷಮಿಸುತ್ತದೆ,
ಮರಕ್ಕೆ ಕೂದಲೆಳೆಯಷ್ಟೂ ಇಲ್ಲ.
ಎಕ್ಸ್‌ಟೆನ್ಷನ್ ಕೂರಿಸಿದೆ: ಪೆಟ್ಟಿಗೆಗೊಂದು ಕೊರಳಪಟ್ಟಿ,
ಉದ್ದನೆಯ ಸ್ಕ್ರೂ ಎರಡು, ನಾಲ್ಕು ಡಾಲರು.
ತುಟಿ ಹಲಗೆಯ ಮೈಗೆ ಸಮ ಬಂತು.

ದೀಪ ಮತ್ತೆ ಕಣ್ಣು ಹೊಡೆಯಿತು.

ತಂತಿ ಒಂದು ಕಡೆ ಹೋಗುತ್ತದೆ,
ಬರಬೇಕಾದ ಕಡೆ ಬರುವುದಿಲ್ಲ.
ಬೆರಳ ಗೆಣ್ಣಿನಿಂದ ತಟ್ಟುತ್ತ ನಡೆದೆ,
ಮಾರ್ನಿ ಕಾಫಿ ಹಿಡಿದು ಹಿಂದೆ ಹಿಂದೆ.
ಹಲಗೆ ಕಿತ್ತೆ. ಅದರಡಿಯ ಹಳೆ ಗೋಡೆ ಕೊರೆದೆ.
ಗಂಟು ಸಿಕ್ಕಿತು.
ಚಿನ್ನದ್ದಲ್ಲ, ತಾಮ್ರದ್ದು.
ಮುಚ್ಚಳವಿಲ್ಲದ ಪೆಟ್ಟಿಗೆ, ಎಂಟು ತಂತಿಯ ಜಾಗದಲ್ಲಿ ಹನ್ನೊಂದು,
ಒಂದರ ಸಿಪ್ಪೆ ಕಂದಿ, ಸುಟ್ಟ ಹಾಲಿನ ಬಣ್ಣ.

ಟೇಪಿನ ತುದಿಯನ್ನು ಮಡಚಿ
ಪುಟ್ಟ ಕಿವಿಯೊಂದನ್ನು ಬಿಟ್ಟಿದ್ದರು.

ಆ ಕಿವಿ ನನಗೆ ಗೊತ್ತು.
"ಮುಂದೆ ಬಿಚ್ಚುವವರ ಉಗುರಿಗೆ ಸಿಗಲಿ" ಎಂದು
ನನಗೂ ಮಡಚಲು ಕಲಿಸಿದ್ದು ಎಲ್ಡನ್ ಸೋರ್ವಾರಿ.
ನೆಲಮಾಳಿಗೆಗಳಲ್ಲಿ, ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡೇ ಪಾಠ:
ಗಂಟು ಹಾಕಿದ ಕಡೆ ಕೈ ಹೋಗಬೇಕು.
ಗೋಡೆ ಒಡೆದು ನೋಡಬೇಕಾದರೆ ಅದು ಪೆಟ್ಟಿಗೆಯಲ್ಲ, ಗೋರಿ.
ಅರ್ತ್ ತಂತಿ ಎಣಿಸುವಾಗ ಮಾತ್ರ ನಗುತ್ತಿದ್ದರು:
"ಮಣ್ಣಿಗೆ ಹೋಗುವವರು ನಾಲ್ಕು ಜನರಿದ್ದರೂ ಒಂದೇ ಲೆಕ್ಕ."

ಪಕ್ಕದ ಮರದ ಕಂಬದ ಮೇಲೆ ಪೆನ್ಸಿಲಿನಲ್ಲಿ ತಾರೀಖು.
ಎಂಬತ್ತೇಳರ ಡಿಸೆಂಬರು, ಇಪ್ಪತ್ತಮೂರು.
ನಾನಾಗ ಎರಡನೆಯ ಕ್ಲಾಸು.
ಅವತ್ತು ಅವರಿಗೆ ಏನಾಗಿತ್ತೋ.
ಹಬ್ಬದ ಮುಂಚೆ ದುಡ್ಡು ಬೇಕಿತ್ತೋ, ಗಾರೆಯವನು ಕಾದಿದ್ದನೋ,
ಜೇಬಿನಲ್ಲಿ ಮುಚ್ಚಳ ಮುಗಿದಿತ್ತೋ.
ಕೇಳೋಣವೆಂದರೆ, ಮೂರು ವರ್ಷದ ಹಿಂದೆ ಅವರೂ ಆ ಒಂದೇ ಲೆಕ್ಕಕ್ಕೆ ಸೇರಿದರು.

"ಯಾವ ದಡ್ಡ ಮಾಡಿದ್ದು ಇದನ್ನ?"
"ಒಳ್ಳೆಯ ಕೆಲಸಗಾರ. ಆತುರದಲ್ಲಿದ್ದ."

ದೊಡ್ಡ ಪೆಟ್ಟಿಗೆ ಹಾಕಿದೆ. ಅರ್ಧ ಅಡಿ ತಂತಿ ಬಿಟ್ಟು
ಹೊಸದಾಗಿ ಹೊಸೆದೆ. ಆಳವಾದ ಎಕ್ಸ್‌ಟೆನ್ಷನ್ ಇಟ್ಟು
ಹಳೆ ಗೋಡೆ ದಾಟಿಸಿ, ಹಲಗೆ ದಾಟಿಸಿ,
ಬೆಳಕಿಗೆ ತಂದೆ.
ಮೇಲೊಂದು ಬಿಳಿ ಮುಚ್ಚಳ.

ಮಾರ್ನಿ ಮುಖ ಗಂಟಿಕ್ಕಿದಳು:
ಇಷ್ಟು ಚಂದದ ಹಲಗೆಯ ನಟ್ಟನಡುವೆ!
"ಪಟ ತೂಗುಹಾಕು," ಅಂದೆ,
"ಎತ್ತಿದರೆ ಬರುವಂಥದ್ದು. ಮೊಳೆ ಹೊಡೆದು ಮುಚ್ಚಬೇಡ."

ದೀಪ ಈಗ ನೆಟ್ಟ ನೋಟದಲ್ಲಿ ನಿಂತಿದೆ,
ಅದೂ ಒಂಥರಾ ಬೇಸರ ಅಂತಾಳೆ.

ವ್ಯಾನಿನಲ್ಲಿ ಕೂತು ಬಿಲ್ಲು ಬರೆದೆ.
ಎಕ್ಸ್‌ಟೆನ್ಷನ್: ಎರಡು.
ಎರಡನೆಯದಕ್ಕೆ ದುಡ್ಡು ಹಾಕಲಿಲ್ಲ.